ಓಟಕ್ಕೊಂದು ಕತ್ತರಿ

ನನಗೆ ಈಚೆಗೆ ಕತ್ತರಿ ಕಂಡರೆ ಸಿಟ್ಟು ಬರುತ್ತದೆ. ಹಾವು ಕಂಡರೆ ಹೆದರುವವರಿದ್ದಾರೆ, ಹಲ್ಲಿ ಕಂಡರೆ ಚೀರುವವರಿದ್ದಾರೆ; ಅವರ ತಲೆ ಕೆಟ್ಟಿದೆ ಎಂದು ಯಾರೂ ಹೇಳುವುದಿಲ್ಲ. ನಾನು ಹಾಲಿನ ಪಾಕೀಟನ್ನು ಹಲ್ಲಿನಿಂದ ಹರಿದರೆ ಮಾತ್ರ ಮನೆಯಲ್ಲಿ ದೊಡ್ಡ ಸುದ್ದಿ. "ಕತ್ತರಿ ಮೊಳೀಗೆ ಜೋತು ಬಿಟ್ಟೀನಲ್ರಿ, ನಾಯಿ ಹಾಂಗ ಹರಿಯೋದ್ಯಾಕ?" ಎಂದು ಹೆಂಡತಿ ಕೇಳುತ್ತಾಳೆ. ಹಲ್ಲಿನ ಸಂದಿಯಲ್ಲಿ ಪ್ಲಾಸ್ಟಿಕ್ ಸಿಕ್ಕಿಕೊಂಡಿರುವಾಗ ಉತ್ತರ ಹೇಳುವುದು ಕಷ್ಟ. ಕಳೆದ ತಿಂಗಳು ಕ್ಷೌರಕ್ಕೆ ಹೋದಾಗಲೂ ಅಷ್ಟೆ, "ಕತ್ತರಿ ಬ್ಯಾಡಪಾ, ಮಷೀನ್ ಹಚ್ಚು" ಎಂದೆ. ಹೊರಗೆ ಬಂದಾಗ ನನ್ನ ತಲೆ ತಿರುಪತಿಗೆ ಹೋಗಿ ಬಂದಂತಿತ್ತು. ಓಣಿಯ ಇಬ್ಬರು ನಿಲ್ಲಿಸಿ ಪ್ರಸಾದ ಕೇಳಿದರು.

ಈ ಸಿಟ್ಟಿನ ಮೂಲ ನಮ್ಮ ಕಲಬುರಗಿಯ ಉತ್ಸವದಲ್ಲಿ ನಡೆದ ಒಂದು ಓಟದ ಸ್ಪರ್ಧೆ. ನಡೆಯಿತು ಎನ್ನುವುದಕ್ಕೂ ನನಗೆ ಮನಸ್ಸಿಲ್ಲ. ಪಾಪ, ಹೆಂಗಸರು ತಾವೇ ಓಡಿದರು. ನಡೆಸಿಕೊಡುತ್ತೇವೆ ಎಂದು ಬ್ಯಾಡ್ಜು ಚುಚ್ಚಿಕೊಂಡ ನಾವು ಮಾಡಿದ್ದು ಬೇರೆಯೇ.

ಅದಕ್ಕೂ ಮೊದಲು ನಮ್ಮ ಅಕ್ಕನ ವಿಷಯ ಹೇಳಬೇಕು. ಶಾಂತಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಹುಟ್ಟಿದ್ದು ಕಮಲಾಪುರ, ಕೊಟ್ಟಿದ್ದೂ ಕಮಲಾಪುರದಲ್ಲೇ, ತವರಿನಿಂದ ಮೂರನೆಯ ಓಣಿಗೆ. ಭಾವನವರು ಹೊಲ ನೋಡಿಕೊಂಡರೆ ಅಕ್ಕ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಹಗಲೆಲ್ಲ ಅವಳ ಹುಬ್ಬಿನ ಮೇಲೆ ಜೋಳದ ಹಿಟ್ಟು ಕೂತಿರುತ್ತದೆ. ಮುಖ ತೊಳೆದಾಗಲೇ ಅವಳ ಹುಬ್ಬು ಎಷ್ಟು ನರೆತಿದೆ, ಎಷ್ಟು ಹಿಟ್ಟು ಎಂಬುದು ನಮಗೆ ತಿಳಿಯುವುದು. ಐದು ವರ್ಷದ ಹಿಂದೆ ಡಾಕ್ಟರು "ಸಕ್ಕರಿ ಅದರೀ, ದಿನಾ ಒಂದು ತಾಸು ನಡೀರಿ" ಎಂದರು. ಒಂದು ತಾಸು ನಡೆಯುವ ದಾರಿಯನ್ನು ಅರ್ಧ ತಾಸಿನಲ್ಲಿ ಓಡಿ ಮುಗಿಸಿದರೆ ಗಿರಣಿ ಬೇಗ ತೆಗೆಯಬಹುದು ಎಂದು ಅಕ್ಕ ಲೆಕ್ಕ ಹಾಕಿದಳು. ಅಂದಿನಿಂದ ಪಂಜಾಬಿ ಡ್ರೆಸ್ಸಿನ ಕೆಳಗೆ ಮಗನ ಹಳೆಯ ಬೂಟು ಹಾಕಿಕೊಂಡು ಮಹಾಗಾಂವ ರಸ್ತೆಯಲ್ಲಿ ದಿನಾ ಓಡುತ್ತಾಳೆ. ಮೊದಮೊದಲು ಟೆಂಪೋದವರು ಬ್ರೇಕ್ ಹಾಕಿ, "ಶಾಂತವ್ವಾ, ಬಸ್ ತಪ್ಪಿತೇನು? ಹತ್ತು, ಬಿಡ್ತೀನಿ" ಎನ್ನುತ್ತಿದ್ದರು. "ನನಗ ಬಸ್ ತಪ್ಪಿಲ್ಲೋ, ಬಸ್ಸಿಗೇ ನಾ ತಪ್ಪೀನಿ" ಎಂದು ಅಕ್ಕ ಮುಂದೆ ಹೋಗುತ್ತಿದ್ದಳು.

ಓಡುವುದು ಅವಳಿಗೆ ಡಾಕ್ಟರು ಕಲಿಸಿದ್ದಲ್ಲ. ಸಾಲಿಯಲ್ಲಿದ್ದಾಗ ಇಡೀ ಕಮಲಾಪುರದಲ್ಲಿ ಅವಳನ್ನು ಹಿಂದೆ ಹಾಕುವವರಿರಲಿಲ್ಲ. ನಾವಿಬ್ಬರೂ ಯಾರದೋ ತೋಟದಲ್ಲಿ ಕೆಂಪು ಬಾಳೆಹಣ್ಣು ಕದ್ದಾಗ ಓಡಿ ತಪ್ಪಿಸಿಕೊಂಡವಳು ಅವಳು, ಸಿಕ್ಕಿಬಿದ್ದು ಹೊಡೆತ ತಿಂದವನು ನಾನು. ಆದರೆ ನಮ್ಮ ಸಾಲಿಯ ಆಟೋಟದಲ್ಲಿ ಹುಡುಗಿಯರಿಗೆ ಓಟ ಇರಲಿಲ್ಲ. ಇದ್ದದ್ದು ಲಿಂಬೆ-ಚಮಚ. ಬಾಯಲ್ಲಿ ಚಮಚ ಕಚ್ಚಿಕೊಂಡು, ಅದರಲ್ಲಿ ಲಿಂಬೆಹಣ್ಣು ಇಟ್ಟುಕೊಂಡು, ಹೊಸ ಸೊಸೆ ಹೊಸ್ತಿಲು ದಾಟುವಂತೆ ಮೆಲ್ಲಗೆ ನಡೆಯಬೇಕು. ಅಕ್ಕ ಎರಡು ಹೆಜ್ಜೆಗೇ ಲಿಂಬೆ ಕೆಡವುತ್ತಿದ್ದಳು. ಒಂದು ವರ್ಷ ಸಿಟ್ಟು ಬಂದು ಚಮಚ ಉಗುಳಿ, ಲಿಂಬೆಯನ್ನು ಮುಷ್ಟಿಯಲ್ಲಿ ಹಿಡಿದು ಓಡಿಬಿಟ್ಟಳು. ಉಳಿದವರು ಅರ್ಧ ದಾರಿಗೆ ಬರುವಷ್ಟರಲ್ಲಿ ಗೆರೆ ದಾಟಿ ವಾಪಸ್ ಬಂದಿದ್ದಳು. ಬಹುಮಾನ ಬರಲಿಲ್ಲ, ಬೈಗುಳ ಬಂತು.

ಹುಡುಗರ ಓಟಕ್ಕೆ ಮಾತ್ರ ದಾರ ಇರುತ್ತಿತ್ತು. ನಮ್ಮ ಡ್ರಿಲ್ ಮಾಸ್ತರು ಹಿಂದಿನ ದಿನವೇ ಮೈದಾನ ಗುಡಿಸಿ, ಸುಣ್ಣದಿಂದ ಗೆರೆ ಎಳೆದು, ಮುಗಿಯುವ ಕಡೆ ಚೀಲ ಹೊಲಿಯುವ ದಾರವನ್ನು ಅಡ್ಡ ಹಿಡಿಸುತ್ತಿದ್ದರು. ಮೊದಲು ಬಂದವನು ಅದನ್ನು ಎದೆಯಿಂದ ಹರಿಯಬೇಕು. ಆ ದಾರ ಅವನಿಗೇ. ಹುಡುಗರು ಅದನ್ನು ಮಣಿಕಟ್ಟಿಗೆ ಸುತ್ತಿಕೊಂಡು ವಾರಗಟ್ಟಲೆ ಮೆರೆಯುತ್ತಿದ್ದರು, ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಅಕ್ಕ ಒಮ್ಮೆ ಧೈರ್ಯ ಮಾಡಿ ಕೇಳಿದಳು: "ಸರ್, ನಮಗ್ಯಾಕ ದಾರ ಇಲ್ರಿ?" ಮಾಸ್ತರು ನಕ್ಕರು. "ಹುಡುಗ್ಯಾರು ಎದೀ ಮುಂದ ಮಾಡಿ ಓಡಿದ್ರ ಚಂದ ಕಾಣ್ತದೇನವಾ?" ಒಳ್ಳೆಯ ಮನುಷ್ಯ ಅವರು, ಆದರೆ ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ.

ದಾರದ ಒಂದು ತುದಿ ಹಿಡಿಯುವ ಕೆಲಸ ಪ್ರತಿವರ್ಷ ನನ್ನದು. ಓಡಲು ಬಾರದವರಿಗೆ ಕೊಡುವ ಕೆಲಸ ಅದು. ಆದರೆ ಮಾಸ್ತರು ಅದನ್ನೂ ಕಲಿಸಿದ್ದರು. "ದಾರ ಹಿಡಿದಾಂವ ಆ ಕಡಿ ಈ ಕಡಿ ನೋಡಬಾರ್ದು. ಕಣ್ಣು ಓಡಿ ಬರೋರ ಮ್ಯಾಲಿರಬೇಕು. ಅವರ ಎದಿಗಿ ತಾಗೋತನಕ ಕೈ ಬಿಡಬಾರ್ದು. ದೇವರೇ ಬಂದು ಕರೆದ್ರೂ ಬಿಡಬಾರ್ದು." ನಾನು ಮನೆಗೆ ಬಂದು ಅದನ್ನು ಮಾಸ್ತರ ಧ್ವನಿಯಲ್ಲೇ ಹೇಳಿ ಅಕ್ಕನನ್ನು ನಗಿಸುತ್ತಿದ್ದೆ. ಅವಳು ನಗುತ್ತಿದ್ದಳು, ಆಮೇಲೆ ಇನ್ನೊಮ್ಮೆ ಹೇಳು ಎನ್ನುತ್ತಿದ್ದಳು.

ಈಗ ಉತ್ಸವಕ್ಕೆ ಬರೋಣ. ನಾನು ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ನಾಲ್ಕು ಸಾಲು ಬರೆಯುತ್ತೇನೆ ಎಂಬ ಅಪಕೀರ್ತಿ ಇದೆ. ಹಾಗಾಗಿ ಉತ್ಸವ ಸಮಿತಿಯ ಅಧ್ಯಕ್ಷರು ಆಮಂತ್ರಣ ಪತ್ರಿಕೆ ಬರೆದುಕೊಡಲು ನನ್ನನ್ನು ಕರೆದರು. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದರೆ ಇಲ್ಲ ಎನ್ನುವ ನಾಲಿಗೆ ನನಗೆ ದೇವರು ಕೊಟ್ಟಿಲ್ಲ. ಪತ್ರಿಕೆ ಬರೆದೆ. ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಂದು ಹೆಸರು ಸೇರಿಸುತ್ತ ಹೋಗಿ ಕೊನೆಗೆ ಓಟ ಎಷ್ಟು ಗಂಟೆಗೆ ಎಂದು ಹಾಕಲು ಜಾಗವೇ ಉಳಿಯಲಿಲ್ಲ. "ಇರ್ಲಿ ಬಿಡ್ರಿ, ಫೋನ್ ಮಾಡಿ ಹೇಳೋಣು" ಎಂದರು ಅಧ್ಯಕ್ಷರು. ಆಗಲೇ ಎದ್ದು ಬರಬೇಕಾಗಿತ್ತು. ಬರಲಿಲ್ಲ, ಯಾಕೆಂದರೆ ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರೂ ಇತ್ತು.

ಅದರಲ್ಲಿ ಒಂದು ಸ್ಪರ್ಧೆ ಕಂಡು ನನ್ನ ಕಿವಿ ನೆಟ್ಟಗಾಯಿತು: ನಲವತ್ತೈದು ದಾಟಿದ ಮಹಿಳೆಯರಿಗೆ ಮೂರು ಕಿಲೋಮೀಟರ್ ಓಟ. ಕಮಲಾಪುರಕ್ಕೆ ಫೋನ್ ಹಚ್ಚಿದೆ. ಅಕ್ಕ ಬಹುಮಾನ ಏನು ಎಂದು ಕೇಳಲಿಲ್ಲ, ಯಾರು ಬರುತ್ತಾರೆ ಎಂದೂ ಕೇಳಲಿಲ್ಲ. ಗಿರಣಿ ನಿಲ್ಲಿಸಿದ ಸದ್ದು ಕೇಳಿತು. ಆಮೇಲೆ ಅವಳ ಧ್ವನಿ:

"ದಾರ ಇರ್ತದೇನೋ?"

"ಇರ್ತದಕ್ಕ. ಕೆಂಪು ಸ್ಯಾಟಿನ್ ರಿಬ್ಬನ್. ಒಂದು ತುದಿ ನಾನೇ ಹಿಡೀತೀನಿ."

"ಹಂಗಾದ್ರ ಬರ್ತೀನಿ" ಎಂದಳು.

ಹಿಂದಿನ ದಿನವೇ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಬಸ್ಸು ಹತ್ತಿ ಬಂದಳು. ಬೆಳಿಗ್ಗೆ ಆರೂವರೆಗೆ ಓಟ. ಆರಕ್ಕೇ ನಾವು ಮೈದಾನದಲ್ಲಿದ್ದೆವು. ಐವತ್ತರ ಆಸುಪಾಸಿನ ಹೆಂಗಸರು ಒಬ್ಬೊಬ್ಬರೇ ಬಂದರು: ನರ್ಸಮ್ಮನವರು, ಟೀಚರುಗಳು, ಮಗಳು ಬಲವಂತ ಮಾಡಿದ್ದಕ್ಕೆ ಬಂದ ಒಬ್ಬ ಅಜ್ಜಿ. ಎಲ್ಲರಿಗೂ ಒಂದೇ ಅಳತೆಯ ಟೀ ಶರ್ಟು ಕೊಟ್ಟರು, ಪೈಲ್ವಾನರ ಅಳತೆ. ಎದೆಯ ಮೇಲೆ ಮುಖ್ಯ ಅತಿಥಿಗಳಾದ ಸಾಹೇಬರ ನಗುವ ಫೋಟೋ. ಅಕ್ಕನಿಗೆ ಅದು ಮೊಳಕಾಲಿನವರೆಗೆ ಬಂತು, ಸಾಹೇಬರ ನಗು ಅವಳ ಹೊಟ್ಟೆಯ ಮೇಲೆ ಬಂತು. ನಂಬರಿನ ಬಟ್ಟೆಗೆ ನಾಲ್ಕು ಪಿನ್ನು ಬೇಕಾದಲ್ಲಿ ಒಂದೊಂದೇ ಕೊಟ್ಟಿದ್ದರು. ಗಾಳಿ ಬಂದಾಗೊಮ್ಮೆ ಎಲ್ಲರ ನಂಬರೂ ಮಗುಚಿ ಬೀಳುತ್ತಿತ್ತು.

ಆರೂವರೆ ಆಯಿತು, ಸಾಹೇಬರು ಬರಲಿಲ್ಲ. ಅವರು ಹಸಿರು ಬಾವುಟ ಬೀಸದೆ ಓಟ ಶುರುವಾಗುವಂತಿಲ್ಲ. ಏಳಾಯಿತು. "ಹೊಂಟಾರಂತ್ರಿ" ಎಂದರು. ಅಕ್ಕ ಒಂದು ಬಾಳೆಹಣ್ಣು ತಿಂದಳು. ಎಂಟಾಯಿತು. "ಸ್ನಾನ ಆಗಾಕತ್ತದಂತ್ರಿ" ಎಂದರು. ಹೊರಟವರು ಮತ್ತೆ ಸ್ನಾನಕ್ಕೆ ಹೋಗಿದ್ದು ಯಾಕೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅಕ್ಕ ಇನ್ನೊಂದು ಬಾಳೆಹಣ್ಣು ತಿಂದಳು. ಕಪನೂರಿನ ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುವ ಒಬ್ಬಾಕೆ ನನ್ನ ಬಳಿ ಬಂದು ನಂಬರು ಬಿಚ್ಚಿ ಕೈಯಲ್ಲಿಟ್ಟಳು. "ಒಂಬತ್ತಕ್ಕ ಡ್ಯೂಟಿ ಅದರೀ ಅಣ್ಣಾ. ಆರು ಗಂಟೇಕ ಬರ್ರಿ ಅಂದಿದ್ರಿ, ಬಂದೆ. ನೀವು ಬರಲಿಲ್ಲ" ಎಂದಳು. ನಾನು ಅಲ್ಲೇ ನಿಂತಿದ್ದೆ, ಆದರೂ ಅವಳ ಮಾತು ಸುಳ್ಳಾಗಿರಲಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗಿಯಾಗಿತ್ತು. ಕಲಬುರಗಿಯ ಬಿಸಿಲು ಒಂಬತ್ತು ಗಂಟೆಗೇ ನೆತ್ತಿಗೆ ಕೈ ಹಾಕುತ್ತದೆ. ಒಂಬತ್ತೂ ಕಾಲಿಗೆ ಹೆಂಗಸರೇ ಗದ್ದಲ ಎಬ್ಬಿಸಿದರು. ಬೇರೆ ದಾರಿ ಕಾಣದೆ ಅಧ್ಯಕ್ಷರು ತಾವೇ ಬಾವುಟ ಬೀಸಿದರು. ಆರೂವರೆಗೆ ಖಾಲಿ ಇರುತ್ತಿದ್ದ ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಈಗ ಅಂಗಡಿಗಳು ತೆರೆದಿದ್ದವು, ಆಟೋಗಳು ಹೊಕ್ಕಿದ್ದವು. ಅವುಗಳನ್ನು ತಡೆಯಲು ಯಾರನ್ನೂ ನಿಲ್ಲಿಸಿರಲಿಲ್ಲ. ಕುಡಿಯುವ ನೀರನ್ನೂ ದಾರಿಯಲ್ಲಿ ಇಟ್ಟಿರಲಿಲ್ಲ. ಬಾಟಲಿಗಳೆಲ್ಲ ವೇದಿಕೆಯ ಮೇಲೆ ಕುರ್ಚಿಗೊಂದರಂತೆ ಸಾಲಾಗಿ ನಿಂತಿದ್ದವು. ಅಕ್ಕ ಆಮೇಲೆ ಹೇಳಿದಳು, ಒಬ್ಬ ಆಟೋದವನು ಅವಳ ಪಕ್ಕಕ್ಕೇ ಗಾಡಿ ತಂದು "ಬರ್ರಿ ಅಕ್ಕಾ, ಸ್ಟೇಷನ್ನಿಗೇನು?" ಎಂದನಂತೆ.

ನಾನು ಮಾತ್ರ ನನ್ನ ಜಾಗದಲ್ಲಿ ನಿಂತಿದ್ದೆ. ಮುಕ್ತಾಯದ ಸುಣ್ಣದ ಗೆರೆ, ಆ ಕಡೆ ಈ ಕಡೆ ಎರಡು ಬಿದಿರಿನ ಗಳ, ನಡುವೆ ಕೆಂಪು ರಿಬ್ಬನ್. ಒಂದು ತುದಿ ಇನ್ನೊಬ್ಬ ಸ್ವಯಂಸೇವಕನ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ. ಕಣ್ಣು ರಸ್ತೆಯ ಮೇಲೆ. ಮಾಸ್ತರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಆಗ ಸಾಹೇಬರ ಕಾರು ಬಂತು.

ತಮ್ಮನ್ನು ಬಿಟ್ಟು ಓಟ ಶುರುವಾಗಿದೆ ಎಂದು ತಿಳಿದು ಅವರ ಮುಖ ಹುಳ್ಳಗಾಯಿತು. ಅದನ್ನು ಕಂಡು ಅಧ್ಯಕ್ಷರ ಮುಖ ಬೆಳ್ಳಗಾಯಿತು. ಈಗ ಸಾಹೇಬರ ಕೈಯಿಂದ ಏನನ್ನು ಉದ್ಘಾಟಿಸುವುದು? ಬಾವುಟ ಬೀಸಿಯಾಗಿದೆ. ದೀಪ ಹಚ್ಚೋಣವೆಂದರೆ ಎಣ್ಣೆ ತರಲು ಹೋದವನು ಬಂದಿಲ್ಲ. ಅಧ್ಯಕ್ಷರು ಸುತ್ತ ಕಣ್ಣಾಡಿಸಿದರು. ಎದುರಿಗೆ ಅಡ್ಡ ಕಟ್ಟಿದ ಕೆಂಪು ರಿಬ್ಬನ್ ಕಂಡಿತು. ಅವರು ಅಂಗಡಿಕಾರರು, ಜೀವಮಾನದಲ್ಲಿ ಕಂಡ ಅಡ್ಡ ರಿಬ್ಬನ್ನುಗಳೆಲ್ಲ ಒಂದೇ ಕೆಲಸಕ್ಕೆ ಕಟ್ಟಿದವು. "ಹಾಂ, ಬರ್ರಿ ಸಾಹೇಬ್ರ! ನಿಮಗಂತೇ ಕಟ್ಟೀವಿ!" ಎಂದರು. ಯಾರೋ ಜಮಖಾನ ತಂದು ಸಾಹೇಬರ ಕಾಲಿಗೆ ಹಾಸಿದರು, ಸುಣ್ಣದ ಗೆರೆ ಅದರಡಿ ಹೋಯಿತು. "ಕತ್ತರಿ! ಕತ್ತರಿ ಎಲ್ಲದ?" ಎಂದು ಹತ್ತು ಮಂದಿ ಕೂಗಿದರು. ಅಧ್ಯಕ್ಷರು ನನ್ನ ಕಡೆ ತಿರುಗಿ, "ನಿಂತು ಏನ್ ನೋಡಾಕತ್ತೀರಿ? ಓಡ್ರಿ, ಕತ್ತರಿ ತರ್ರಿ!" ಎಂದರು.

ನಾನು ಓಡಿದೆ.

ಹೌದು, ಕತ್ತರಿ ತಂದವನು ನಾನು. ಇಷ್ಟು ಹೊತ್ತು ಅವರಿವರನ್ನು ಬೈದೆ, ಬೈದದ್ದರಲ್ಲಿ ಒಂದು ಮಾತನ್ನೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಕತ್ತರಿ ತಂದವನು ನಾನು. ರಿಬ್ಬನ್ನಿನ ತುದಿಯನ್ನು ಪಕ್ಕದವನ ಕೈಗೆ ತುರುಕಿ, ಧೋತರ ಎತ್ತಿ ಕಟ್ಟಿ, ಮೈದಾನದ ಗೇಟು ದಾಟಿ, ರಸ್ತೆಯ ತಿರುವಿನಲ್ಲಿದ್ದ ಟೇಲರ್ ಚಾಂದ್‌ಭಾಯಿಯ ಅಂಗಡಿಯವರೆಗೆ ಓಡಿದೆ. ಐವತ್ತು ವರ್ಷದಲ್ಲಿ ಬಸ್ಸಿಗಾಗಿಯೂ ಹಾಗೆ ಓಡಿದವನಲ್ಲ. ಯಾಕೆ ಓಡಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ವೇದಿಕೆ, ಸಾಹೇಬರು, ರಿಬ್ಬನ್, ಕತ್ತರಿ ಇವೆಲ್ಲ ಒಟ್ಟಿಗೆ ಕಿವಿಗೆ ಬಿದ್ದಾಗ ನಮ್ಮಂಥವರ ಕಾಲು ತಾವೇ ಏಳುತ್ತವೆ. ಯಾವ ರಿಬ್ಬನ್, ಯಾರಿಗಾಗಿ ಎಂದು ತಲೆ ಕೇಳುವಷ್ಟರಲ್ಲಿ ಕಾಲು ಹೋಗಿಬಿಟ್ಟಿರುತ್ತವೆ. ಚಾಂದ್‌ಭಾಯಿ ಕೊಡಲು ಒಪ್ಪಲಿಲ್ಲ. "ಬಟ್ಟೀ ಕತ್ತರಿ ಅದ ಸಾಬ್, ಬ್ಯಾರೆದಕ್ಕ ಹಚ್ಚಿದ್ರ ಧಾರ್ ಹೋಗ್ತದ" ಎಂದ. ಅವನ ಕತ್ತರಿಯ ಬಗ್ಗೆ ಅವನಿಗಿದ್ದ ಕಾಳಜಿ ನನಗೆ ನನ್ನ ರಿಬ್ಬನ್ನಿನ ಬಗ್ಗೆ ಇರಲಿಲ್ಲ. ಕೈಯಿಂದ ಕಸಿದುಕೊಂಡು ವಾಪಸ್ ಓಡಿದೆ.

ಕತ್ತರಿಯನ್ನು ತಾಟಿನಲ್ಲಿಟ್ಟರು, ಅದಕ್ಕೆ ಕುಂಕುಮ ಹಚ್ಚಿದರು. ನಾನು ಮತ್ತೆ ತುದಿ ಹಿಡಿದು ನಿಂತೆ. ಸಾಹೇಬರು ಕ್ಯಾಮೆರಾ ನೋಡುತ್ತ ಕತ್ತರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅರ್ಧ ರಿಬ್ಬನ್ ಕೈಯಲ್ಲಿ ಜೋತಾಡುತ್ತಿರುವಾಗಲೇ. ಮರುಕ್ಷಣ ಗುಂಪು ಪೂರ್ತಿ ವೇದಿಕೆಯತ್ತ ಹೋಯಿತು. ನಂಬರು ಬರೆದುಕೊಳ್ಳಬೇಕಾದವರು ಹಾರ ಹಿಡಿದುಕೊಂಡು ಹೋದರು, ಗಡಿಯಾರ ಹಿಡಿದವರು ಶಾಲು ಹಿಡಿದುಕೊಂಡು ಹೋದರು. ಯಾರೋ ಕತ್ತರಿ ತಂದು ನನ್ನ ನೆಹರು ಶರ್ಟಿನ ಕಿಸೆಗೆ ಇಳಿಬಿಟ್ಟರು.

ಆಗ ಗೇಟಿನಲ್ಲಿ ಅಕ್ಕ ಕಂಡಳು. ಒಬ್ಬಳೇ. ಹಿಂದೆ ಸ್ವಲ್ಪ ದೂರದಲ್ಲಿ ಇನ್ನೊಬ್ಬಾಕೆ. ಸಾಹೇಬರ ನಗು ಬೆವರಿನಲ್ಲಿ ಒದ್ದೆಯಾಗಿ ಮುದುಡಿತ್ತು. ಅಕ್ಕ ಎದೆಯನ್ನು ಮುಂದೆ ಮಾಡಿ, ತಲೆಯೆತ್ತಿ, ಎರಡು ಬಿದಿರು ಗಳಗಳ ನಡುವೆ ನೇರ ನೋಡುತ್ತ ಬಂದಳು. ಹತ್ತು ಹೆಜ್ಜೆ ಉಳಿದಾಗ ವೇಗ ಕಡಿಮೆಯಾಯಿತು. ಐದು ಹೆಜ್ಜೆಗೆ ನಡೆಯತೊಡಗಿದಳು. ಗಳದ ಹತ್ತಿರ ಬಂದು ನಿಂತೇಬಿಟ್ಟಳು. ಜಮಖಾನದ ಮೇಲೆ ಬೂಟು ಇಡಬೇಕೋ ಬೇಡವೋ ಎಂದು ಒಂದು ಗಳಿಗೆ ನೋಡಿದಳು.

"ದಾರ ಎಲ್ಲದ?" ಎಂದಳು.

ನಾನು ಕೈಯಲ್ಲಿದ್ದ ತುಂಡನ್ನು ತೋರಿಸಿದೆ. ಬೇರೆ ಏನು ತೋರಿಸಲಿ?

ಆಮೇಲೆ ವೇದಿಕೆಯಿಂದ ಫಲಿತಾಂಶ ಕೇಳಿ ಬಂತು. ಯಾರು ಮೊದಲು ಬಂದರೆಂದು ಬರೆದುಕೊಂಡಿಲ್ಲವಾದ್ದರಿಂದ ಓಡಿದ ಎಲ್ಲರಿಗೂ ಸಮಾಧಾನಕರ ಬಹುಮಾನ. ಒಂದೊಂದು ಸ್ಟೀಲಿನ ಡಬ್ಬಿ. ಅಕ್ಕ ಡಬ್ಬಿ ಮುಟ್ಟಲಿಲ್ಲ. ಸೀದಾ ಅಧ್ಯಕ್ಷರ ಮುಂದೆ ಹೋಗಿ ನಿಂತಳು. "ಓಡೋರು ಬರೋಕಿಂತ ಮೊದಲ ದಾರ ಕತ್ತರಿಸಿದ್ರಿ. ಅಲ್ಲಾ, ಕತ್ತರಿ ತಂದು ಕೊಟ್ಟಾಂವಗ ಬುದ್ಧಿ ಬ್ಯಾಡೇನ್ರಿ? ಯಾಂವ ಅವಾ?"

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಕಿಸೆಯನ್ನು ಅಂಗೈಯಿಂದ ಮುಚ್ಚಿಕೊಂಡು, ಅವರು ಬಾಯಿ ತೆರೆಯುವ ಮೊದಲೇ ಚೀರಿದೆ. ಬಿಸಿಲಲ್ಲಿ ಮೂರು ತಾಸು ಹೆಂಗಸರನ್ನು ನಿಲ್ಲಿಸಿದ್ದು, ನೀರಿಲ್ಲದ್ದು, ಆಟೋ ತಡೆಯದ್ದು, ಎಲ್ಲವನ್ನೂ ಹೇಳಿ ಚೀರಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದರೆ ನೀವೇ ನೋಡ್ರಿ ಎಂದೆ. ಸುತ್ತ ನಿಂತ ಹೆಂಗಸರು ಭಲೆ ಎಂದರು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ನನ್ನ ಬದುಕಿನಲ್ಲಿ ಅಷ್ಟು ದೊಡ್ಡ ಸುಳ್ಳನ್ನು ನಾನು ಇನ್ನೊಂದು ಸಲ ಆಡಿಲ್ಲ. ಸಂಜೆ ಕತ್ತರಿ ವಾಪಸ್ ಕೊಡಲು ಹೋದಾಗ ಚಾಂದ್‌ಭಾಯಿ ಅದರ ಕುಂಕುಮ ಒರೆಸುತ್ತ, "ಯಾವ ಅಂಗಡಿ ಓಪನ್ ಆಯ್ತು ಸಾಬ್? ಮುಬಾರಕ್" ಎಂದ.

ಹದಿನೈದು ದಿನ ಬಿಟ್ಟು ಜೋಳ ಬೀಸಿಸುವ ನೆಪದಲ್ಲಿ ಕಮಲಾಪುರಕ್ಕೆ ಹೋದೆ. ಅಕ್ಕನಿಗೆ ಹೇಳಿಬಿಡಬೇಕು ಎಂದು ಬಸ್ಸಿನಲ್ಲಿ ಕಪನೂರು ದಾಟುವಾಗ ನಿರ್ಧರಿಸಿದ್ದೆ. ಮಹಾಗಾಂವ ಬರುವಷ್ಟರಲ್ಲಿ ಮಾತನ್ನೂ ಜೋಡಿಸಿಕೊಂಡಿದ್ದೆ. ಗಿರಣಿಯ ಮುಂದೆ ಕೂತು, ಶುರುಮಾಡಲು ಧೈರ್ಯ ಸಾಲದೆ, ಮೊದಲು ಸಮಿತಿಯನ್ನು ಒಂದು ಸುತ್ತು ಬೈದೆ. ಅಧ್ಯಕ್ಷರನ್ನು ಬೈದೆ, ಸಾಹೇಬರನ್ನು ಬೈದೆ. ಅಕ್ಕ ಹಿಟ್ಟು ಬೀಳುವ ಕಡೆ ಕೈಯಿಟ್ಟು, ನುಣ್ಣಗಾಗಿದೆಯೇ ಎಂದು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದಳು.

"ಬಿಡೋ" ಎಂದಳು. "ಅವರು ಮಂದಿ. ಮಂದಿ ಮ್ಯಾಲಿನ ಸಿಟ್ಟು ನನಗ ಇನ್ನೂ ಹೋಗಿಲ್ಲ, ಹೋಗೋದೂ ಇಲ್ಲ. ಆದ್ರ ನಿನ್ನ ನೆನೆಸಿಕೊಂಡ್ರ ಜೀವಕ್ಕ ಹಗುರ ಅನಸ್ತದ ನೋಡು."

"ನನ್ನ್ಯಾಕಕ್ಕ?"

"ನಾ ಕಡೀ ರಸ್ತೇಕ ಬಂದಾಗ ಎರಡನೇದಾಕಿ ಇದ್ದೆ. ಕಾಲು ಬಿದ್ದು ಹೋಗಿದ್ವು. ಅಷ್ಟರಾಗ ದೂರ ತಿರುವಿನ್ಯಾಗ ನೀ ಕಂಡಿ. ಧೋತರ ಎತ್ತಿ ಕಟ್ಟಿ ಮೈದಾನದ ಕಡಿ ಓಡಾಕತ್ತಿದ್ದಿ. ಹುಟ್ಟಿದಾಗಿಂದ ನೀ ಹಂಗ ಓಡಿದ್ದು ನೋಡಿಲ್ಲ ನಾ. ಅಕ್ಕ ಮುಟ್ಟೋದ್ರೊಳಗ ದಾರ ಹಿಡೀಬೇಕಂತ ಓಡಾಕತ್ತಾನಲ್ಲ ನನ ತಮ್ಮ ಅಂತ ಅನಿಸಿ ಎಲ್ಲಿತ್ತೋ ಏನೋ ಜೀವ ಬಂತು. ಮುಂದಿನಾಕಿನ್ನ ಹಿಂದ ಹಾಕಿದ್ದು ಆವಾಗ."

ಗಿರಣಿ ಜೋರಾಗಿ ತಿರುಗುತ್ತಿತ್ತು. ನಾನು ಏನೋ ಹೇಳಿದೆ. ಆ ಸದ್ದಿನಲ್ಲಿ ಅದು ನನಗೇ ಕೇಳಲಿಲ್ಲ.

"ಏನಂದಿ?" ಎಂದಳು ಅಕ್ಕ, ಗಿರಣಿ ನಿಲ್ಲಿಸಿ.

"ಏನಿಲ್ಲಕ್ಕ" ಎಂದೆ.

ಅವಳು ನನ್ನ ಹಿಟ್ಟಿನ ಚೀಲದ ಬಾಯನ್ನು ಒಟ್ಟುಮಾಡಿ, ದಾರ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. ಉಳಿದ ದಾರದ ತುದಿಯನ್ನು ಹಲ್ಲಿಗೆ ಒಯ್ದವಳು, ನನ್ನ ಹಿಂದಿನ ಕಟ್ಟೆಯತ್ತ ಗದ್ದ ತೋರಿಸಿದಳು.

"ಅಲ್ಲೇ ಕತ್ತರಿ ಅದ ನೋಡು, ತಾ ಇಲ್ಲಿ."

ತಂದುಕೊಟ್ಟೆ.